ಗೆಣ್ಣಿಲ್ಲದ ಕುಡಿ

ಬಾಟಲಿಯಲ್ಲಿ ಹಳಸಿದ ನೀರಿನ ವಾಸನೆ ಮೂಗಿಗೆ ಬಡಿದರೆ ಸಾಕು, ಮಾದಾಪುರದ ಹತ್ತಿರವಿದ್ದ ನಮ್ಮ ಕೂಡುಕುಟುಂಬದ ಮನೆ ನೆನಪಾಗುತ್ತದೆ. ಆ ಮನೆ ಈಗ ಯಾರದೋ ಹೋಂಸ್ಟೇ. ಆಗ ಅದರ ಹಜಾರದ ಕಿಟಕಿಯ ಮೇಲಿನಿಂದ ನನ್ನ ದೊಡ್ಡಮ್ಮನ ಮನಿಪ್ಲಾಂಟ್ ಇಳಿಬಿದ್ದಿರುತ್ತಿತ್ತು. ಹಸಿರೆಲೆಯ ಮೇಲೆ ಹಾಲು ಚೆಲ್ಲಿದಂಥ ಬಿಳಿ ಮಚ್ಚೆ. ದೊಡ್ಡಮ್ಮ ಒಂದೊಂದು ಎಲೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು, ಬಿಸಿಲು ತಾಗದಂತೆ ಪರದೆ ಸರಿಸುತ್ತಿದ್ದಳು, ಮಚ್ಚೆಯಿಲ್ಲದ ಬರೀ ಹಸಿರು ಕುಡಿ ಕಂಡರೆ ಕತ್ತರಿಸಿ ಎಸೆಯುತ್ತಿದ್ದಳು. ಅಷ್ಟು ಅಕ್ಕರೆಯನ್ನು ಅವಳು ಮನುಷ್ಯರಿಗೆ ತೋರಿಸಿದ್ದನ್ನು ನಾನಂತೂ ಕಾಣೆ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬಹುದು.

ನನ್ನ ಅವ್ವ ಆ ಮನೆಯ ಕಿರಿಸೊಸೆ. ನನ್ನ ತಮ್ಮ ಹುಟ್ಟಿ, ಹೆಸರಿಡುವ ಮೊದಲೇ ತೀರಿಕೊಂಡ ವರ್ಷ, ಹಿಂದಿನ ಕೋಣೆಯಲ್ಲಿ ಮಾತಿಲ್ಲದೆ ಕೂತಿರುತ್ತಿದ್ದವಳು ಒಂದು ದಿನ ತಾನಾಗಿಯೇ ಎದ್ದು ಹೋಗಿ, "ಅಕ್ಕಾ, ನಂಗೂ ಒಂದು ಕುಡಿ ಕೊಡ್ತೀರಾ?" ಎಂದು ಕೇಳಿದಳು. ದೊಡ್ಡಮ್ಮ ನಗುನಗುತ್ತಲೇ ಕೊಟ್ಟಳು: ಅಗಲವಾದ ಒಂದು ಎಲೆ, ಉದ್ದನೆಯ ತೊಟ್ಟು. ಅವ್ವ ಅದನ್ನು ನೀರು ತುಂಬಿದ ಬಾಟಲಿಯಲ್ಲಿಟ್ಟಳು. ಬೆಳಿಗ್ಗೆ ಎದ್ದ ಕೂಡಲೇ ಬಾಟಲಿಯನ್ನು ಬೆಳಕಿಗೆ ಹಿಡಿದು ಬೇರು ಹುಡುಕುವಳು. ಎಲೆ ಬಾಡಲಿಲ್ಲ, ಬೇರೂ ಬಿಡಲಿಲ್ಲ. ಮಳೆಗಾಲ ಕಳೆಯುವಷ್ಟರಲ್ಲಿ ತೊಟ್ಟು ಕೊಳೆತು ನಾರಿತು. ನೆಂಟರೆಲ್ಲ ಕೂತಿದ್ದಾಗಲೇ ದೊಡ್ಡಮ್ಮ, "ಕೈಗುಣ ಬೇಕು ಕಣೇ. ನಿನ್ ಕೈಲಿ ಏನ್ ತಾನೇ ಉಳೀತು, ಹೇಳು?" ಎಂದಳು. ಅಯ್ಯೋ, ಆ ಬಾಯಿಗೆ ಹುಳ ಬೀಳಬಾರದಿತ್ತೇ! ಅಂದಿನಿಂದ ಅವ್ವ ಹಿತ್ತಲಲ್ಲಿ ಒಂದು ಮೆಣಸಿನ ಬೀಜವನ್ನೂ ಬಿತ್ತಲಿಲ್ಲ, ಅಕ್ಕಪಕ್ಕದವರ ಕೂಸುಗಳನ್ನೂ ಎತ್ತಿಕೊಳ್ಳಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ಮದುವೆಯಾಗಿ ಕುಶಾಲನಗರಕ್ಕೆ ಬಂದು, ಅದೇ ಬಳ್ಳಿಯನ್ನು ಮನೆಯೊಳಗೆ ಸಾಕತೊಡಗಿದಾಗ ನನಗೆ ತಿಳಿಯಿತು: ಬಳ್ಳಿ ಚಿಗುರಬೇಕಾದರೆ ಎಲೆ ಮೂಡುವ ಕಾಂಡದ ಗೆಣ್ಣು ಬೇಕು. ಬರೀ ಎಲೆಯನ್ನು ತೊಟ್ಟಿನ ಸಮೇತ ಚಿವುಟಿ ಕೊಟ್ಟರೆ ಅದು ಯಾರ ಕೈಯಲ್ಲೂ ಬಳ್ಳಿಯಾಗದು. ದೊಡ್ಡಮ್ಮ ತನ್ನ ತವರಿನವರಿಗೆ ಕೊಡುವಾಗ ಗೆಣ್ಣು ನೋಡಿ ನೋಡಿ ಕತ್ತರಿಸುತ್ತಿದ್ದುದು ಆಗ ನೆನಪಾಗಿ ಮೈಯೆಲ್ಲ ಉರಿಯಿತು. ತಕ್ಷಣ ಅವ್ವನಿಗೆ ಫೋನ್ ಮಾಡಿದೆ. "ಬೇಕಂತಲೇ ಮಾಡಿದ್ದು ಕಣವ್ವ ಅವ್ರು. ನಿನ್ ಕೈದು ಏನೂ ತಪ್ಪಿಲ್ಲ."

"ಸುಮ್ನಿರು ಮಗಾ," ಎಂದಳು ಅವ್ವ. "ಅಕ್ಕ ಅಂಥೋರಲ್ಲ."

ನನ್ನ ಮಗಳು ಹುಟ್ಟಿದಾಗ ಅವ್ವ ಬಾಣಂತನಕ್ಕೆಂದು ಬಂದಳು. ನನಗೆ ನೀರೆರೆದಳು, ಖಾರ ಅರೆದಳು. ಕೂಸನ್ನು ಕೊಡಹೋದರೆ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು. "ನಿಮ್ಮತ್ತೆ ಎತ್ಕೊಳ್ಳಲಿ. ನನ್ ಕೈ ಬೇಡ ಮಗಾ." ಕೂಸು ಅತ್ತರೆ ದೂರ ಕೂತು ತೊಟ್ಟಿಲಿನ ಹಗ್ಗ ಎಳೆಯುವಳು. ಮರುವರ್ಷ ಅವ್ವ ತೀರಿಹೋದಳು, ನನ್ನ ಮಗಳನ್ನು ಒಮ್ಮೆಯೂ ಮುಟ್ಟದೆ.