ಉಣ್ಣೂ ಕೈ

ಯಾರಾದರೂ ವಿಚಿತ್ರ ಅನುಭವ ಹೇಳತೊಡಗಿದರೆ, ‘ನಿದ್ದೆ ಸರಿಯಾಗಿತ್ತೇ?’ ಎಂದು ಕೇಳುವುದು ನನ್ನ ಅಭ್ಯಾಸವಾಗಿತ್ತು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನ ಕೊಬ್ಬು ಅದು. ಈಗ ಆ ಪ್ರಶ್ನೆಯನ್ನು ನನಗೇ ಕೇಳಿಕೊಳ್ಳುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಮುಂಬೈ ಪಕ್ಕದ ವಾಶಿಯ ಒಂದು ಸ್ಕ್ಯಾನ್ ಸೆಂಟರಿನಲ್ಲಿದ್ದೆ. ಎಂಆರ್‌ಐ ಯಂತ್ರ ಮಿದುಳನ್ನು ಪದರ ಪದರವಾಗಿ ತೋರಿಸುತ್ತದೆ. ಆ ಪದರಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ, ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಬಹುದಾದ ಇಡೀ ಮಿದುಳಿನ ಚಿತ್ರ ಮಾಡುವುದು ನನ್ನ ಕೆಲಸ. ಒಂದು ಮಧ್ಯಾಹ್ನ, ಅಲ್ಲಿನ ಮಾರ್ಕೆಟ್ಟಿನಲ್ಲಿ ಚೀಲ ಹೊರುವ ಕಲಬುರಗಿಯ ಶರಣಪ್ಪನನ್ನು ಹೆಂಡತಿ ಕರೆತಂದಳು. ಪಾರ್ಶ್ವವಾಯು ಹೊಡೆದಿತ್ತು.

“ಉಣ್ಣೂ ಕೈನೇ ಹೋಗ್ಯದ್ರೀ ಸಾಹೇಬ್ರ. ನಾ ತುತ್ತು ಮಾಡಿ ಹಾಕಿದ್ರ ಅದಕ್ಕೂ ಸಿಟ್ಟು ಮಾಡ್ತಾರ,” ಎಂದಳು.

ಮಲಗಿಸುವಾಗ ಅವನ ಬಲಗೈಯನ್ನು ನಾನೇ ಎತ್ತಿಟ್ಟೆ. ಒದ್ದೆ ಬಟ್ಟೆಯಂತೆ ಜೋತುಬಿತ್ತು.

ಪದರಗಳಲ್ಲಿ ಪೆಟ್ಟು ಮಿದುಳಿನ ಎಡಭಾಗದಲ್ಲಿತ್ತು. ಬಲಗೈಯನ್ನು ಆಡಿಸುವುದು ಮಿದುಳಿನ ಎಡಭಾಗವೇ; ಬಲಗೈ ಬಿದ್ದವನಿಗೆ ಪೆಟ್ಟು ಅಲ್ಲೇ ಇರಬೇಕು. ಆದರೆ ಜೋಡಿಸುವಾಗ ಯಾವ ಗುಂಡಿ ಒತ್ತಿದೆನೋ, ಇಡೀ ಚಿತ್ರ ಕನ್ನಡಿಯಲ್ಲಿ ಕಂಡಂತೆ ಮಗುಚಿ, ಪೆಟ್ಟು ಬಲಕ್ಕೆ ಬಂತು. ಸರಿಪಡಿಸುವ ಮೊದಲೇ ಯಂತ್ರದೊಳಗಿಂದ ಶರಣಪ್ಪ ಚೀರಿದ. ಓಡಿಹೋಗಿ ಹೊರಕ್ಕೆಳೆದೆ. ಅವನು ನನ್ನ ಮಣಿಕಟ್ಟನ್ನು ಮೂಳೆ ನೋಯುವಂತೆ ಹಿಡಿದುಕೊಂಡ. ಹಿಡಿದದ್ದು ಬಲಗೈ. ಎಡಗೈ ಕೆಳಗೆ ಜೋತಾಡುತ್ತಿತ್ತು.

ನಮ್ಮ ಸೆಂಟರಿನ ಡಾಕ್ಟರು ಮಂಗಳೂರಿನವರು; ಅವನನ್ನು ಪರೀಕ್ಷಿಸಿ, ಮಗುಚಿದ ಚಿತ್ರವನ್ನೂ ನೋಡಿ ನಕ್ಕರು. “ಪೆಟ್ಟು ಬಲಕ್ಕೆ, ಬಿದ್ದದ್ದು ಎಡಗೈ. ಸರಿಯೇ ಉಂಟಲ್ಲ ಮಾರಾಯ. ಅವನನ್ನು ಹೇಗೆ ಮಲಗಿಸಿದ್ದು ಅಂತ ಯಂತ್ರಕ್ಕೆ ನೀನೇ ಉಲ್ಟಾ ಹೇಳಿರ್ಬೇಕು, ಅದಕ್ಕೇ ಮೊದಲು ಪೆಟ್ಟು ಎಡಕ್ಕೆ ಕಂಡದ್ದು. ಎದುರು ನಿಂತವನ ಬಲ ನಿನಗೆ ಎಡ, ಅಷ್ಟೂ ಗೊತ್ತಿಲ್ವಾ?”

ಒಪ್ಪಬಹುದಿತ್ತು. ಎಡಬಲ ನೋಡುವವನು ನಿಂತ ಕಡೆಯಂತೆ ಬದಲಾಗುತ್ತದೆ. ಆದರೆ ಹೆಂಡತಿ ಹೇಳಿದ ಉಣ್ಣೂ ಕೈ ಹಾಗಲ್ಲವಲ್ಲ; ಎಲ್ಲಿಂದ ನೋಡಿದರೂ ಅದು ಬಲಗೈಯೇ.

ಗಾಜಿನಾಚೆ ಬೆಂಚಿನ ಮೇಲೆ ಶರಣಪ್ಪ ಬಲಗೈಯಲ್ಲಿ ತಾನೇ ವಡಾಪಾವ್ ತಿನ್ನುತ್ತಿದ್ದ. “ಸಾವಕಾಶ ತಿನ್ರೀ, ಯಾರೂ ಕಸಗೊಳ್ಳಂಗಿಲ್ಲ,” ಎನ್ನುತ್ತ ಹೆಂಡತಿ ಕಣ್ಣೊರೆಸಿಕೊಂಡಳು.

ನನ್ನ ಬೆರಳು ಗುಂಡಿಯ ಮೇಲಿತ್ತು. ಚಿತ್ರವನ್ನು ಇನ್ನೊಮ್ಮೆ ಮಗುಚಿ ಅವನ ಕೈ ನೋಡಿದ್ದರೆ ಸಂಶಯ ಮುಗಿಯುತ್ತಿತ್ತು. ನಾನು ಕಲಿತ ವಿಜ್ಞಾನ ಹೇಳುವುದೂ ಅದನ್ನೇ. ಅವನು ತಿಂದು ಮುಗಿಸಲಿ ಎಂದು ಕಾದೆ. ತಿಂದಾದ ಮೇಲೂ ಒತ್ತಲಾಗಲಿಲ್ಲ.

ಆ ಬಲಗೈಯನ್ನು ಎತ್ತಿಟ್ಟ ನೆನಪೇ ಸುಳ್ಳಿರಬಹುದು. ಸುಳ್ಳಾದರೆ, ಒಂದು ಗುಂಡಿಗೆ ನಾನು ಅಷ್ಟು ಹೆದರಿದ್ದೇಕೆ? ಇಂದಿಗೂ ತಿಳಿದಿಲ್ಲ.