ಹೂಮಳೆಗೆ ಮೊದಲು ತೆಗೆದ ದುಡ್ಡು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು ಅನ್ನುವುದು ಖಚಿತ, ಯಾವ ವರ್ಷ ಅನ್ನುವುದಲ್ಲ. ಬ್ಯಾಂಕಿನ ಮ್ಯಾನೇಜರು ನೀಲಿ ಸ್ವೆಟರ್ ಹಾಕಿದ್ದರು ಅಂತ ನನ್ನ ನೆನಪು. ನೀಲಿ ಸ್ವೆಟರ್ ಹಾಕಿದ್ದು ಮ್ಯಾನೇಜರಲ್ಲ, ಚಿಕ್ಕಪ್ಪ ಅಂತ ಚಿಕ್ಕಮ್ಮ ಹೇಳುತ್ತಾರೆ. ಆಗಲೂ ನಾನು ಡೈರಿ ಬರೆಯುತ್ತಿದ್ದೆ, ಆದರೆ ಆ ತಿಂಗಳ ಪುಟಗಳಲ್ಲಿ ಉತ್ತರಪತ್ರಿಕೆ ತಿದ್ದಿದ್ದು ಮತ್ತು ತಲೆನೋವು ಬಿಟ್ಟರೆ ಬೇರೇನಿಲ್ಲ. ಮುಖ್ಯವಾದದ್ದು ನಡೆಯುತ್ತಿದ್ದಾಗ ನಾನು ಬರೆಯಲಿಲ್ಲ ಅಂತ ಕಾಣುತ್ತದೆ.

ನಾನು ಆಗ ಚಿಕ್ಕಮಗಳೂರಿನ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತಿದ್ದೆ. ಇದ್ದದ್ದು ವಸ್ತಾರೆಯ ಕಡೆ, ಅಮ್ಮನ ತಂಗಿಯ ಮನೆಯಲ್ಲಿ. ಮನೆಯ ಸುತ್ತಲಿನ ತೋಟ ಚಿಕ್ಕಪ್ಪನದು. ರಸ್ತೆಯ ಕೆಳಗಿನ ಒಂದು ತುಂಡು ರೊಬಸ್ಟಾ ಕಾಫಿ ತೋಟ ಮಾತ್ರ ಚಿಕ್ಕಮ್ಮನ ಹೆಸರಿನಲ್ಲಿತ್ತು. ಅವರ ಅಪ್ಪ ಬರೆದುಕೊಟ್ಟದ್ದು. ಚಿಕ್ಕಪ್ಪ ಅದನ್ನು ‘ನಿನ್ನ ಎಸ್ಟೇಟು’ ಅಂತ ನಗುತ್ತಿದ್ದರು.

ಆ ಎಸ್ಟೇಟಿಗೆ ಗೊಬ್ಬರಕ್ಕೋ ಕೂಲಿಗೋ ದುಡ್ಡು ಬೇಕಾದರೆ ಎರಡು ದಾರಿ ಇದ್ದವು. ಚಿಕ್ಕಪ್ಪನನ್ನು ಕೇಳುವುದು ಒಂದು. ಪೇಟೆಯ ಕಾಫಿ ಸಾಹುಕಾರರನ್ನು ಕೇಳುವುದು ಇನ್ನೊಂದು. ಸಾಹುಕಾರರು ಬಡ್ಡಿಯಿಲ್ಲದೆ ಮುಂಗಡ ಕೊಡುತ್ತಿದ್ದರು, ಕಾಫಿಯನ್ನೂ ಕುಡಿಸುತ್ತಿದ್ದರು. ಆದರೆ ಬೆಳೆ ಬಂದಾಗ ಅವರಿಗೇ ಕೊಡಬೇಕು, ಅವರು ಹೇಳಿದ ದಿನ, ಅವರು ಹೇಳಿದ ರೇಟಿಗೆ. ಒಂದು ವರ್ಷವಾದರೂ ಯಾರನ್ನೂ ಕೇಳದೆ ಆ ತೋಟ ನಡೆಸಬೇಕು ಅನ್ನುವುದು ಚಿಕ್ಕಮ್ಮನ ಆಸೆ. ದೊಡ್ಡ ಆಸೆಯೇನಲ್ಲ. ಆದರೂ ಅದನ್ನು ಅವರು ನನ್ನ ಹತ್ತಿರ ಹೇಳಿದ್ದು ಅಡುಗೆಮನೆಯ ಬಾಗಿಲು ಹಾಕಿಕೊಂಡು.

ಬ್ಯಾಂಕಿನಲ್ಲಿ ಹೊಸ ಬಗೆಯ ಖಾತೆ ಬಂದಿದೆ ಅಂತ ಸುದ್ದಿ ತಂದವಳು ನಾನೇ. ವರ್ಷಕ್ಕೊಮ್ಮೆ ಫೀಸು ಕಟ್ಟಬೇಕು. ಖಾತೆ ಬರಿದಾಗಿದ್ದರೂ ಒಂದು ಮಿತಿಯವರೆಗೆ ದುಡ್ಡು ತೆಗೆಯಬಹುದು, ತೆಗೆದಷ್ಟು ದಿನಕ್ಕೆ ಮಾತ್ರ ಬಡ್ಡಿ. ಇಬ್ಬರೂ ಹೋಗಿ ಮ್ಯಾನೇಜರ ಎದುರು ಕೂತೆವು.

“ನಾನು ತೆಗೀದೆ ಇದ್ರೂ ಫೀಸ್ ಕೊಡ್ಬೇಕಾ ಸಾರ್?”

“ಹೌದಮ್ಮ. ನಿಮಗೋಸ್ಕರ ಅಂತ ದುಡ್ಡು ಇಟ್ಟಿರ್ತೀವಲ್ಲ, ಅದಕ್ಕೆ.”

“ಎಲ್ಲಿ ಇಟ್ಟಿರ್ತೀರಿ?”

ಮ್ಯಾನೇಜರು ನಕ್ಕುಬಿಟ್ಟರು. ಚಿಕ್ಕಮ್ಮ ನಗಲಿಲ್ಲ. ಅವರಿಗೆ ನಿಜವಾಗಿಯೂ ಗೊತ್ತಾಗಬೇಕಿತ್ತು.

ರಾತ್ರಿ ಊಟಕ್ಕೆ ಕೂತಾಗ ವಿಷಯ ಚಿಕ್ಕಪ್ಪನ ಕಿವಿಗೆ ಬಿತ್ತು.

“ಉಪಯೋಗಿಸ್ದೆ ಇದ್ರೂ ದುಡ್ಡು ಕಟ್ಟೋದು ಅಂದ್ರೆ ಎಂತ ಮಾರಾಯ್ತಿ ಅದು?”

“ನಾಯಿ ಸಾಕ್ದಂಗೆ,” ಅಂದರು ಚಿಕ್ಕಮ್ಮ. “ಕಳ್ಳ ಬರದಿದ್ರೂ ಅನ್ನ ಹಾಕ್ಬೇಕಲ್ವಾ?”

“ನಾಯಿಯಾದ್ರೆ ಬಾಲನಾದ್ರೂ ಆಡಿಸ್ತದೆ.”

ಓದಿದವಳು ಅಂತ ತೀರ್ಮಾನ ನನ್ನ ಮೇಲೆ ಬಂತು. ನಾನು ಶ್ರದ್ಧೆಯಿಂದ ಲೆಕ್ಕ ಹಾಕಿದೆ. ಹಿಂದಿನ ವರ್ಷಗಳಲ್ಲಿ ತೋಟಕ್ಕೆ ತುರ್ತಾಗಿ ದುಡ್ಡು ಬೇಕಾದದ್ದು ಯಾವಾಗ, ಸಾಹುಕಾರರ ರೇಟು ಪೇಟೆಯ ರೇಟಿಗಿಂತ ಎಷ್ಟು ಕಡಿಮೆಯಿತ್ತು, ಇತ್ತ ಫೀಸು ಮತ್ತು ಬಡ್ಡಿ ಸೇರಿ ಎಷ್ಟಾಗುತ್ತದೆ. ಎಲ್ಲ ಕೂಡಿಸಿ ಕಳೆದರೆ ಖಾತೆಯಿಂದ ನಷ್ಟವೇ. ಹಾಗೇ ಹೇಳಿದೆ. ಚಿಕ್ಕಮ್ಮ ಸಮಾಧಾನವಾಗಿ ಕೇಳಿಸಿಕೊಂಡು, “ಸಾಹುಕಾರ್ರ ಬೆಂಚಲ್ಲಿ ಕೂತ್ಕಂಡು ಕಾಯೋದಕ್ಕೆ ಎಷ್ಟು ಹಾಕಿದೀಯ?” ಅಂದರು.

ಇಲ್ಲಿ ನನಗೆ ಅನುಮಾನವಿದೆ. ಈ ಮಾತನ್ನು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದ್ದೇನೆ. ಹೇಳುತ್ತ ಹೇಳುತ್ತ ನಾನೇ ಕಟ್ಟಿ ಅವರ ಬಾಯಿಗೆ ಹಾಕಿದೆನೋ ಏನೋ. ಕೇಳಿದರೆ ಚಿಕ್ಕಮ್ಮ, “ನಾನೆಲ್ಲಿ ಹಂಗಂದೆ? ಸುಮ್ನೆ ಹೋಗಿ ಸೈನ್ ಹಾಕ್ದೆ,” ಅನ್ನುತ್ತಾರೆ. ಸೈನ್ ಹಾಕಿದ್ದಂತೂ ನಿಜ.

ತಿಂಗಳುಗಟ್ಟಲೆ ಆ ಖಾತೆಯಿಂದ ಏನೂ ಪ್ರಯೋಜನವಾಗಲಿಲ್ಲ. ಚಿಕ್ಕಪ್ಪ ಆಗಾಗ “ನಿನ್ನ ನಾಯಿ ಬೊಗಳ್ತಾ?” ಅಂತ ಕೇಳುತ್ತಿದ್ದರು. ಕೊಯ್ಲು ಮುಗಿದು ಬೇಸಿಗೆ ಬಂತು. ರೊಬಸ್ಟಾ ಮೊಗ್ಗು ಬಲಿತು ಹೂಮಳೆಗೆ ಕಾಯುತ್ತಿತ್ತು. ಆ ಒಂದು ಮಳೆ ಬಿದ್ದರೆ ವಾರದೊಳಗೆ ಹೂವಾಗುತ್ತದೆ, ಬೀಳದಿದ್ದರೆ ಮೊಗ್ಗು ಗಿಡದಲ್ಲೇ ಕಪ್ಪಾಗುತ್ತದೆ. ಆಕಾಶದಲ್ಲಿ ಮೋಡದ ಒಂದು ಚೂರೂ ಇರಲಿಲ್ಲ.

ಆಗ ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು ಬಂದು, ತಮ್ಮ ಸ್ಪ್ರಿಂಕ್ಲರ್ ಸೆಟ್ಟು ಎರಡು ದಿನ ಬಿಡುವಾಗಿದೆ, ಆಮೇಲೆ ಮಲ್ಲಂದೂರಿನ ಕಡೆ ಹೋಗುತ್ತದೆ, ಬೇಕಿದ್ದರೆ ಈಗಲೇ ಹೇಳಿ ಅಂದರು. ಬಾಡಿಗೆ ಮತ್ತು ಡೀಸೆಲ್ಲಿಗೆ ದುಡ್ಡು ಕೈಯಲ್ಲೇ ಕೊಡಬೇಕು. ಚಿಕ್ಕಪ್ಪ ನೆಂಟರ ಗೃಹಪ್ರವೇಶಕ್ಕೆ ಕಳಸಕ್ಕೆ ಹೋಗಿದ್ದರು. ಅಲ್ಲಿಗೆ ಫೋನು ಮಾಡಬಹುದಿತ್ತು. ಚಿಕ್ಕಮ್ಮ ಒಂದು ಕ್ಷಣ ಫೋನಿನ ಕಡೆ ನೋಡಿದರು. ಆಮೇಲೆ ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದರು.

ಖಾತೆಯಲ್ಲಿ ಏನೂ ಇರಲಿಲ್ಲ. ಇದ್ದದ್ದೆಲ್ಲ ಕೊಯ್ಲಿನ ಕೂಲಿಗೆ ಹೋಗಿತ್ತು. ಬ್ಯಾಂಕಿನಲ್ಲಿ ಚಿಕ್ಕಮ್ಮ ಚೆಕ್ಕು ಕೊಟ್ಟು ಟೋಕನ್ ಹಿಡಿದು ಕೂತರು. ಕ್ಯಾಷಿಯರು ನಂಬರ್ ಕೂಗಿದರು, ಎಣಿಸಿದರು, ಕೊಟ್ಟರು. ಮೆಟ್ಟಿಲು ಇಳಿದ ಮೇಲೆ ಚಿಕ್ಕಮ್ಮ ನನ್ನ ತೋಳು ಹಿಡಿದು ನಿಂತರು.

“ಇಲ್ಲದ ದುಡ್ಡು ಕೊಟ್ರು ಮಾರಾಯ್ತಿ! ಯಾಕೆ ಅಂತ್ಲೂ ಕೇಳ್ಲಿಲ್ಲ!”

“ಒಳ್ಳೇದಾಯ್ತಲ್ಲ ಚಿಕ್ಕಮ್ಮ.”

“ಕೇಳಿದ್ರೆ ಎಂತ ಹೇಳೋದು ಅಂತ ಬಸ್ಸಲ್ಲಿ ಉದ್ದಕ್ಕೂ ಯೋಚ್ನೆ ಮಾಡ್ಕಂಡ್ ಬಂದಿದ್ದೆ. ಎಲ್ಲ ದಂಡ.”

ಹೋಟೆಲಿಗೆ ಹೋದೆವು. ದೋಸೆಗೆ ನಾನು ದುಡ್ಡು ಕೊಡುತ್ತೇನೆ ಅಂದರೆ ಬಿಡಲಿಲ್ಲ.

“ಚಿಕ್ಕಮ್ಮ, ಈ ದೋಸೆಗೂ ಬಡ್ಡಿ ಬೀಳ್ತದೆ.”

“ಬೀಳ್ಲಿ. ಇನ್ನೊಂದು ಹೇಳು.”

ಮಾರನೆಯ ದಿನ ಬೆಳಗ್ಗೆ ಕೆರೆಯ ಪಕ್ಕದಲ್ಲಿ ಎಂಜಿನ್ ಶುರುವಾಯಿತು. ನೀರು ಟಕಟಕ ಅಂತ ಗಿಡಗಳ ಮೇಲೆ ಸುತ್ತುತ್ತಿದ್ದರೆ ಚಿಕ್ಕಮ್ಮ ಪೈಪಿನ ಜೊತೆಯಲ್ಲೇ ಓಡಾಡಿ ತೊಪ್ಪೆಯಾದರು. ಒಳಗೆ ಹೋಗಿ ಅಂದರೆ ಕೇಳಲಿಲ್ಲ. ತೋಟ ಪೂರ್ತಿ ನೆನೆದು ಮುಗಿಯುವ ಹೊತ್ತಿಗೆ ಅದರ ಮರುದಿನವೂ ಮಧ್ಯಾಹ್ನ ದಾಟಿತ್ತು.

ಆ ಸಂಜೆಯೇ ದೇವರಮನೆ ಬೆಟ್ಟದ ದಿಕ್ಕಿನಿಂದ ಮೋಡ ಎದ್ದು ಜೋರು ಮಳೆ ಹೊಯ್ಯಿತು.

ಕಳಸದಿಂದ ಬಂದ ಚಿಕ್ಕಪ್ಪ ಬಸ್ಸಿಳಿದು ಒದ್ದೆಯಾಗಿಯೇ ಮನೆಗೆ ಬಂದರು. ಅಂಗಳದಲ್ಲಿ ರಾಶಿ ಹಾಕಿದ್ದ ಪೈಪು ನೋಡಿ ನಡೆದದ್ದೆಲ್ಲ ಕೇಳಿಕೊಂಡರು. “ದೇವ್ರು ಬಿಟ್ಟಿ ಕೊಡೋನಿದ್ದ. ನಿಂಗೆ ಒಂದಿನ ಕಾಯಕ್ಕಾಗ್ಲಿಲ್ಲ!” ಅಂತ ನಕ್ಕರು. ಅವರ ನಗೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಚಿಕ್ಕಮ್ಮನ ಮುಖ ಸಣ್ಣದಾಯಿತು. ನಾನು ಹಾಕಿದ್ದ ಲೆಕ್ಕವೇ ಸರಿಯಾಗಿತ್ತು, ಆದರೆ ಆ ರಾತ್ರಿ ಅದು ಸರಿಯಾದದ್ದು ನನಗೇ ಇಷ್ಟವಾಗಲಿಲ್ಲ.

ವಾರ ಕಳೆದಿರಬೇಕು. ಒಂದು ಬೆಳಗ್ಗೆ ಕಿಟಕಿ ತೆಗೆದರೆ ಘಮ ಒಳಗೆ ನುಗ್ಗಿತು. ಹೊರಗೆ ಬಂದು ನೋಡಿದೆವು. ರಸ್ತೆಯ ಮೇಲೆ ಚಿಕ್ಕಪ್ಪನ ತೋಟ ಹಸಿರಾಗಿಯೇ ಇತ್ತು. ಆಚೆ ಈಚೆಯ ತೋಟಗಳೂ ಹಸಿರು. ಕೆಳಗೆ ಚಿಕ್ಕಮ್ಮನ ತುಂಡು ಮಾತ್ರ, ಆ ಇಡೀ ಇಳಿಜಾರಿನಲ್ಲಿ ಅದೊಂದೇ, ಕೊಂಬೆ ಕಾಣದ ಹಾಗೆ ಬೆಳ್ಳಗೆ ಹೂವಾಗಿತ್ತು. ಜೇನುಹುಳುಗಳ ಸದ್ದು ರಸ್ತೆಯವರೆಗೂ ಕೇಳುತ್ತಿತ್ತು. ಬೆಳಗಿನ ಬಸ್ಸಿನವನು ನಿಧಾನ ಮಾಡಿದ. ಜನ ಕಿಟಕಿಯಿಂದ ಇಣುಕಿದರು.

ಬೇಲಿ ನೋಡಿಕೊಂಡು ಬರುತ್ತೇನೆ ಅಂತ ಇಳಿದ ಚಿಕ್ಕಪ್ಪ ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಬಂದು, “ನಮ್ಮದೂ ನಾಳೆಯೋ ನಾಡಿದ್ದೋ ಆಗ್ತದೆ ಬಿಡು,” ಅಂದರು.

“ಆಗ್ಲಿ,” ಅಂದರು ಚಿಕ್ಕಮ್ಮ. “ದೇವ್ರದ್ದು ಸ್ವಲ್ಪ ನಿಧಾನ.”

ಚಿಕ್ಕಪ್ಪ ನಕ್ಕಿದ್ದು ಕೆರೆಯ ಆಚೆಗೂ ಕೇಳಿರಬೇಕು.

ತೋಟದ ಕಾಳುಮೆಣಸು ಮಾರಿ ಚಿಕ್ಕಮ್ಮ ಬ್ಯಾಂಕಿನ ದುಡ್ಡು ತೀರಿಸಿದರು. ಆ ವರ್ಷದ ಕಾಫಿಯನ್ನು ತಮಗೆ ಬೇಕಾದ ದಿನ, ಬೇಕಾದವರಿಗೆ ಕೊಟ್ಟರು. ಸಾಹುಕಾರರು ಕೊಡುತ್ತಿದ್ದುದಕ್ಕಿಂತ ಹೆಚ್ಚು ಸಿಕ್ಕಿತು ಅಂತ ನನ್ನ ನೆನಪು, ಅಷ್ಟೇ ಸಿಕ್ಕಿತು ಅಂತ ಚಿಕ್ಕಪ್ಪನ ನೆನಪು. ಮುಂದಿನ ವರ್ಷದ ಫೀಸನ್ನು ಚಿಕ್ಕಮ್ಮ ಯಾರನ್ನೂ ಕೇಳದೆ ಕಟ್ಟಿದರು. ನಾನೂ ಲೆಕ್ಕ ಹಾಕಲು ಹೋಗಲಿಲ್ಲ.

ಮೊನ್ನೆ ಹೋಗಿದ್ದಾಗ ಜಗಲಿಯಲ್ಲಿ ಕೂತು ಹಲಸಿನ ತೊಳೆ ಬಿಡಿಸುತ್ತಿದ್ದೆವು. ಚಿಕ್ಕಪ್ಪ ಪಕ್ಕದಲ್ಲೇ ಪೇಪರ್ ಓದುತ್ತಿದ್ದರು. ಇಷ್ಟು ವರ್ಷ ಯಾಕೆ ಕೇಳಿರಲಿಲ್ಲವೋ, ಆವತ್ತು ಕೇಳಿದೆ: “ಚಿಕ್ಕಮ್ಮ, ಮಳೆ ಬರ್ತದೆ ಅಂತ ಮೊದ್ಲೇ ಗೊತ್ತಿದ್ದಿದ್ರೂ ನೀವು ಬ್ಯಾಂಕಿಗೆ ಹೋಗ್ತಿದ್ರಾ?”

ಚಿಕ್ಕಪ್ಪ ಪೇಪರ್ ಕೆಳಗಿಳಿಸಿದರು. ಚಿಕ್ಕಮ್ಮ ಅವರನ್ನು ನೋಡಿದರು, ನನ್ನನ್ನು ನೋಡಿದರು, ಕೈಗಂಟಿದ ಮೇಣ ನೋಡಿಕೊಂಡರು. ನಗು ತಡೆಯಲಾಗದೆ, ಒಲೆಯ ಮೇಲೆ ಹಾಲಿದೆ ಅಂತ ಎದ್ದು ಒಳಗೆ ಹೋದರು. ಚಿಕ್ಕಪ್ಪ ಮತ್ತು ನಾನು ಇನ್ನೂ ಕಾಯುತ್ತಿದ್ದೇವೆ.