ಮರದಲ್ಲೇ ಸುಲಿದ ಕಾಯಿ

ಗೆಳೆಯರೇ, ಎದೆ ಇನ್ನೂ ಢವಢವ ಅನ್ನುತ್ತಿದೆ.

ವಾರಪತ್ರಿಕೆಗೆ ನಾನು ಕೊಡಬೇಕಿದ್ದ ಲೇಖನಕ್ಕೆ ಇವತ್ತೇ ಕೊನೆಯ ದಿನ. ಮೊದಲ ಸಾಲು ಬರೆಯುವುದು, ಹೊಡೆದುಹಾಕುವುದು, ಇದರಲ್ಲೇ ವಾರ ಕಳೆದಿತ್ತು. ಬೆಳಿಗ್ಗೆ ಸಂಪಾದಕರ ಫೋನ್ ಬಂತು. ಶೆಟ್ಟಿಹಳ್ಳಿಯ ಮನೆಯಲ್ಲೇ ಕೂತಿದ್ದವನು ಗಾಬರಿಯಲ್ಲಿ, "ಸಾರ್, ಕಡಬದ ನಮ್ ತೋಟದಲ್ಲಿದೀನಿ, ತೆಂಗಿನಕಾಯಿ ಕೀಳಿಸ್ತಾ ಇದೀನಿ. ಸಾಯಂಕಾಲ ಲೇಖನ ತಂದ್ಕೊಡ್ತೀನಿ" ಎಂದುಬಿಟ್ಟೆ.

"ಒಳ್ಳೇದಾಯ್ತು ಬಿಡಿ. ಬರ್ತಾ ನಂಗೂ ಎರಡು ಕಾಯಿ ತನ್ನಿ" ಎಂದರು.

ಅಲ್ಲಿಂದ ಲೇಖನ ಮರೆತು ಕಾಯಿಯ ಚಿಂತೆ ಹತ್ತಿತು. ಶಿರಾ ಗೇಟಿನ ಅಂಗಡಿಗಳನ್ನೆಲ್ಲ ಸುತ್ತಿ, ನಮ್ಮ ತೋಟದ್ದೇ ಅನ್ನಿಸುವಂಥ ಎರಡು ದಪ್ಪ ಕಾಯಿ ಆರಿಸುವಷ್ಟರಲ್ಲಿ ಸಂಜೆಯಾಯಿತು. ಲೇಖನ ಒಂದು ಸಾಲೂ ಆಗಿರಲಿಲ್ಲ. ಕಾಯಿ ಕೊಟ್ಟು ಇನ್ನೊಂದು ದಿನ ಕೇಳೋಣವೆಂದು ಕಚೇರಿಗೆ ಹೋದೆ.

ಸಂಪಾದಕರು ಗುಬ್ಬಿ ಕಡೆಯವರು, ತೋಟ ಇರುವವರು. ಚೀಲದಿಂದ ಕಾಯಿ ತೆಗೆದು ತಿರುಗಿಸಿ ನೋಡಿದರು. ಸಿಪ್ಪೆ ಸುಲಿದು ಜುಟ್ಟು ಬಿಟ್ಟಿದ್ದ ಅಂಗಡಿ ಕಾಯಿ.

"ಏನ್ರೀ, ನಿಮ್ ಕಡಬದಲ್ಲಿ ಕಾಯಿ ಮರದಲ್ಲೇ ಸುಲ್ಕೊಂಡು ಬೀಳ್ತವಾ?"

ಅವರು ಕುರ್ಚಿ ಎಳೆದು ಹಾಳೆ ಮುಂದಿಟ್ಟರು. "ನಿಮ್ ಪೇಜ್ ಖಾಲಿ ಬಿಟ್ಕೊಂಡು ಪ್ರೆಸ್‌ನವರು ಕಾಯ್ತಾವ್ರೆ. ಕೂತ್ಕೊಂಡು ಬರೀರಿ."

ಬೆವರು ಒರೆಸಿಕೊಳ್ಳುತ್ತಾ ಬರೆದೆ. ಮುಗಿಸಿ ಎದ್ದಾಗ, "ಇನ್ಮೇಲೆ ಲೇಖನ ಸುಲೀದೇ ಇದ್ರೂ ಪರವಾಗಿಲ್ಲ, ಹಂಗೇ ತನ್ನಿ. ಸುಲಿಯೋದು ನನ್ ಕೆಲ್ಸ" ಎಂದರು.

ಲೇಖನ ಅಚ್ಚಿಗೆ ಹೋಯಿತು, ಮಾನ ಅದಕ್ಕೂ ಮೊದಲೇ ಹೋಗಿತ್ತು. ಕಾಯಿಗಳನ್ನು ಮಾತ್ರ ಅವರು ವಾಪಸ್ ಕೊಡಲಿಲ್ಲ.